‘ಹೇಳಿದವರು’ ಎಂಬ ಕೊನೆಯ ಸಾಲು

ಅವರ ಬಲಗೈ ಹೆಬ್ಬೆರಳಿನ ಮೇಲೆ ಸದಾ ಒಂದು ರಬ್ಬರಿನ ಟೊಪ್ಪಿಗೆ ಇರುತ್ತಿತ್ತು. ಬ್ಯಾಂಕಿನಲ್ಲಿ ನೋಟು ಎಣಿಸುವವರು ತೊಡುವಂಥದು. ಮೈತುಂಬ ಸಣ್ಣ ಉಬ್ಬುಗಳಿದ್ದ, ಬಹುಕಾಲದ ಬಳಕೆಯಿಂದ ಅಂಟಂಟಾದ, ಇಟ್ಟಿಗೆ ಬಣ್ಣದ ಟೊಪ್ಪಿಗೆ. ಕಾರ್ಡುಗಳನ್ನು ಸರಸರನೆ ಹಿಂದೆ ಮುಂದೆ ಮಾಡಲು ಅವರಿಗೆ ಅದು ಬೇಕಾಗಿತ್ತು. ಆದರೆ ಚಹಾ ಸೋಸುವಾಗಲೂ, ಬಸ್ಸಿನಲ್ಲಿ ಟಿಕೆಟ್ಟಿಗೆ ಕೈ ಚಾಚುವಾಗಲೂ ಅದನ್ನು ತೆಗೆಯಲು ಮರೆಯುತ್ತಿದ್ದರು. ತಡವಳದ ಕುರಿಗಾರರ ಮನೆಯ ಹಿರಿಯಳು ಲಗಮವ್ವ ಅದನ್ನು ಮೊದಲ ಸಲ ನೋಡಿದಾಗ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. “ಅಯ್ಯ ಬಾಯಾರ, ಬೆರಳಿಗಿ ಕುಂಚಗಿ ಹಾಕೀರಿ? ಥಂಡಿ ಹತ್ತತೈತೇನು ಅದಕ್ಕ?”

“ಹೂಂ ಮತ್ತ,” ಎಂದಿದ್ದರು ಅವರು, ಹೆಬ್ಬೆರಳನ್ನು ಕೂಸಿನಂತೆ ತೂಗುತ್ತ. “ಇದರ ಮ್ಯಾಗ ನನ್ನ ಇಡೀ ಸಂಸಾರ ನಡದೈತಿ.”

ಅವರು ಸಮಾಜಶಾಸ್ತ್ರದ ಪ್ರಾಧ್ಯಾಪಕಿ, ಕೋಶ ಸಂಪಾದಕಿ. ನಮ್ಮ ಕಡೆ ಕಲಿಸುವ ಹೆಂಗಸರನ್ನು ‘ಬಾಯಿ’ ಎನ್ನುತ್ತೇವೆ. ನಾನೂ ಅವರನ್ನು ಹಾಗೆಯೇ ಕರೆಯುತ್ತಿದ್ದೆ. ಅವರು ನನ್ನನ್ನು ‘ಗುರೂಜಿ’ ಎನ್ನುತ್ತಿದ್ದರು. ಅವರ ಹೆಸರನ್ನು ಈ ಬರಹದಲ್ಲಿ ನಾನು ಬರೆಯುವುದಿಲ್ಲ. ಅದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಹೇಳಬೇಕಾದುದನ್ನು ಕ್ರಮವಾಗಿ ಹೇಳುವುದು ನನ್ನ ಹಳೆಯ ಅಭ್ಯಾಸ.

ನಾನು ಇಪ್ಪತ್ತನಾಲ್ಕು ವರ್ಷ ಅಕ್ಕಲಕೋಟದ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ವ್ಯಾಕರಣ ಕಲಿಸಿದವನು. ಪುಸ್ತಕದಲ್ಲಿ ಗೀಚಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು, ಒಮ್ಮೊಮ್ಮೆ ಬೆತ್ತವನ್ನೂ ಎತ್ತಿದವನು. ಮಕ್ಕಳು ಕಡಿಮೆಯಾಗಿ ಕನ್ನಡ ವಿಭಾಗ ಮುಚ್ಚಿದಾಗ ನನ್ನನ್ನು ಹೆಚ್ಚುವರಿ ಶಿಕ್ಷಕನೆಂದು ಗುರುತಿಸಿ ಒಂದು ಮರಾಠಿ ಶಾಲೆಯ ಕಚೇರಿಯಲ್ಲಿ ಕೂರಿಸಿದರು. ಎರಡು ವರ್ಷ ಹಾಜರಿ ಪಟ್ಟಿಗಳನ್ನು ನಕಲು ಮಾಡಿ, ಬೇಸತ್ತು, ಸ್ವಇಚ್ಛೆಯ ನಿವೃತ್ತಿ ಪಡೆದೆ. ಆಗ ಒಂದು ಮಧ್ಯಾಹ್ನ ಬಾಯಿಯವರು ಸೊಲ್ಲಾಪುರದಿಂದ ಬಸ್ಸಿನಲ್ಲಿ ನನ್ನ ಮನೆ ಹುಡುಕಿಕೊಂಡು ಬಂದರು. ಕಂಕುಳಲ್ಲಿ ಸೊಲ್ಲಾಪುರ ಚಾದರ ತುಂಬಿ ಬರುವ ರಟ್ಟಿನ ಡಬ್ಬಿ ಇತ್ತು. ಅದರ ತುಂಬ ಕಾರ್ಡುಗಳು.

“ಗುರೂಜಿ, ನೀವು ಭಾಳ ಕಟ್ಟುನಿಟ್ಟು ಅಂತ ಕೇಳೀನಿ. ನನಗ ಅಂಥಾವರ ಬೇಕು. ನನ್ನ ಕನ್ನಡ ಮರಾಠಿ ಸಾಲಿ ಮೆಟ್ಟಲಾ ಹತ್ತಿ ಕುಂಟಾಕತ್ತೈತಿ.”

ಆ ಕಾರ್ಡುಗಳು ಒಂದೇ ಅಳತೆಯವಲ್ಲ. ಮುದ್ರಣಾಲಯಗಳಲ್ಲಿ ಉಳಿದುಹೋದ ಲಗ್ನಪತ್ರಿಕೆಗಳನ್ನು ತಂದು, ಹಿಂಬದಿಯ ಖಾಲಿ ಜಾಗದಲ್ಲಿ ಬರೆಯುವುದು ಅವರ ಪದ್ಧತಿಯಾಗಿತ್ತು. ಹೀಗಾಗಿ ‘ವಿಧವೆಯರ ಆಸ್ತಿ’ ಎಂಬ ಕಾರ್ಡನ್ನು ತಿರುವಿದರೆ ಬೆನ್ನಲ್ಲಿ ಯಾರದೋ ಶುಭವಿವಾಹ ಇರುತ್ತಿತ್ತು. “ಸಮಾಜಶಾಸ್ತ್ರಕ್ಕ ಇದಕ್ಕಿಂತ ಚಲೋ ಕಾಗದ ಎಲ್ಲಿ ಸಿಗತೈತ್ರಿ?” ಎಂದು ನಗುತ್ತಿದ್ದರು.

ಪದ್ಧತಿಯ ಮುಖ್ಯ ಭಾಗ ಬೇರೆಯೇ ಇತ್ತು. ಯಾರಿಂದಲಾದರೂ ಒಂದು ಸಂಪ್ರದಾಯವನ್ನೋ ಕಸುಬಿನ ಕ್ರಮವನ್ನೋ ಕೇಳಿ ಬರೆದುಕೊಳ್ಳುವ ಮೊದಲು, ಬಾಯಿಯವರು ಅವರ ಹೆಸರನ್ನು ಕೇಳುತ್ತಿದ್ದರು. ಅವರು ಹೇಗೆ ಹೇಳುತ್ತಾರೋ ಹಾಗೆ ಬರೆದು, ಅವರಿಗೇ ಓದಿ ತೋರಿಸುತ್ತಿದ್ದರು. “ಮೊದಲ ಹೆಸರು, ಆಮ್ಯಾಲ ಮಾತು” ಎಂಬುದು ಅವರ ಸೂತ್ರ. ಮಾತು ಮುಗಿದ ಮೇಲೆ ಇಡೀ ಕಾರ್ಡನ್ನು ಗಟ್ಟಿಯಾಗಿ ಓದಬೇಕು. ಹೇಳಿದವರು ಅದನ್ನು ಕೇಳಿ ‘ಖರೆ’ ಎನ್ನಬೇಕು. ಆಗ ಮಾತ್ರ ಕಾರ್ಡಿನ ಮೂಲೆಯಲ್ಲಿ ಒಂದು ಟಿಕ್ಕು ಬೀಳುತ್ತಿತ್ತು. ಟಿಕ್ಕಿಲ್ಲದ ಕಾರ್ಡು ಎಷ್ಟೇ ಸೊಗಸಾಗಿದ್ದರೂ ಕೋಶಕ್ಕೆ ಸೇರುವಂತಿರಲಿಲ್ಲ. ಸೇರಿದ ಪ್ರತಿಯೊಂದು ಬರಹದ ಕೆಳಗೂ ‘ಹೇಳಿದವರು’ ಎಂಬ ಒಂದು ಸಾಲು: ಹೆಸರು, ಕೆಲಸ, ಊರು.

ಈ ಹಟ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದೆ. ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಬೌದ್ಧ ಕುಟುಂಬ ಅವರದು. ತಂದೆ ಸೊಲ್ಲಾಪುರದ ಬಟ್ಟೆ ಗಿರಣಿಗೆ ದುಡಿಯಲು ಹೋದವರು. ಮಗಳು ಊರಿನಲ್ಲಿ ‘ಆಯಿ’ ಎಂದು ಕರೆಯುತ್ತಿದ್ದ ಅಜ್ಜಿಯ ಬಳಿ ಇದ್ದು ಏಳನೆಯ ಇಯತ್ತೆಯವರೆಗೆ ಕನ್ನಡ ಕಲಿತು, ಆಮೇಲೆ ಸೊಲ್ಲಾಪುರದ ಚಾಳಿಗೆ, ಗಿರಣಿ ಕೆಲಸಗಾರರ ವಠಾರಕ್ಕೆ, ಹೋಗಿ ಮರಾಠಿಯಲ್ಲಿ ಮುಂದುವರಿಸಿದಳು. ನೆರೆಹೊರೆಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು. ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಯಾರೋ ಪಂಡಿತರ ಪುಸ್ತಕ ಕೈಗೆ ಸಿಕ್ಕಿತಂತೆ. ಅದರಲ್ಲಿ ಅವರದೇ ಊರಿನ ಬಾಣಂತನದ ಪದ್ಧತಿಗಳ ವರ್ಣನೆ ಇತ್ತು.

“ಅದು ನಮ್ಮ ಆಯಿ ಮಾತು ಗುರೂಜಿ. ಹೊಕ್ಕಳಬಳ್ಳಿ ಕೊಯ್ಯುವಾಗ ಅಕಿ ಅಂತಿದ್ದ ಮಾತು, ಹಂಗಿಂದ ಹಂಗ. ಊರಾಗ ಎರಡ ತಲಿಮಾರಿನ ಕೂಸುಗಳನ್ನ ಕೈಯಾಗ ಹಿಡದಾಕಿ. ಪುಸ್ತಕದಾಗ ಏನಂತ ಬರದಿತ್ತು ಗೊತ್ತೇನು? ‘ಹಳ್ಳಿಯ ಒಬ್ಬ ಮುದುಕಿ.’” ಅವರು ಹೆಬ್ಬೆರಳಿನ ಟೊಪ್ಪಿಗೆಯನ್ನು ಅರ್ಧ ತೆಗೆದು ಮತ್ತೆ ತೊಟ್ಟುಕೊಂಡರು. “ಬರದಾವರ ಹೆಸರು ಮಾತ್ರ ಮುಖಪುಟದ ಮ್ಯಾಗ ಬಂಗಾರದ ಅಕ್ಷರದಾಗ ಇತ್ತು.”

ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ಹೆಂಗಸರ ದಿನಚರಿಯ ಮೇಲೆ ಪ್ರಬಂಧ ಬರೆದು ಅವರು ಪಿಎಚ್.ಡಿ. ಪಡೆದರು. ಮೂವತ್ತು ವರ್ಷ ಕಾಲೇಜಿನಲ್ಲಿ ಕಲಿಸಿದರು. ಅದರ ನಡುವೆ ಹನ್ನೆರಡು ವರ್ಷ ಮರಾಠಿಯ ಒಂದು ದೊಡ್ಡ ಸಮಾಜಶಾಸ್ತ್ರ ಕೋಶಕ್ಕೆ ದುಡಿದರು. ನೂರಾರು ಬರಹಗಳನ್ನು ತಾವೇ ತಿದ್ದಿ ಬರೆದರು. ಸಂಪುಟಗಳು ಹೊರಬಂದಾಗ ಸಂಪಾದಕ ಮಂಡಳಿಯಲ್ಲಿ ಅವರಿರಲಿಲ್ಲ. ‘ಸಹಾಯಕರು’ ಎಂಬ ಪಟ್ಟಿಯಲ್ಲಿ, ಚಿಕ್ಕ ಅಕ್ಷರಗಳಲ್ಲಿ, ಬೆರಳಚ್ಚುಗಾರರ ಮುಂಚೆ ಅವರ ಹೆಸರಿತ್ತು. “ನಂದೂ ಐತ್ರಿ, ಇರುವಿ ಸಾಲಿನಾಗ” ಎಂದು ಆ ಪುಟವನ್ನು ತೋರಿಸುತ್ತಿದ್ದರು. ದೂರಿನ ಧ್ವನಿ ಇರುತ್ತಿರಲಿಲ್ಲ. ಆದರೆ ಪುಟದ ಸಂಖ್ಯೆ ಅವರಿಗೆ ನೋಡದೆಯೇ ಗೊತ್ತಿತ್ತು.

ನಿವೃತ್ತಿಯ ನಂತರ ಅವರು ಕೈಗೆತ್ತಿಕೊಂಡದ್ದು ಗಡಿಸೀಮೆಯ ಜನಜೀವನದ ಕನ್ನಡ ಕೋಶ, ಒಂದೇ ಸಂಪುಟ. ಸಂಪಾದಕಿ ಅವರು. ಭಾಷಾ ಸಂಪಾದಕ ನಾನು.

ಐದು ವರ್ಷ ಅವರೊಂದಿಗೆ ತಿರುಗಿದೆ. ಕುಂಭಾರಿ, ದುಧನಿ, ತಡವಳ. ಸಂತೆಯ ಕಟ್ಟೆ, ರೈಲು ನಿಲ್ದಾಣದ ಬೆಂಚು, ಹೊಲದ ಬದು. ನಾನು ಜನರ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತ ಕೂರುತ್ತಿದ್ದೆ. ಅದು ನನ್ನ ಮುಖದಲ್ಲಿ ಕಾಣುತ್ತಿತ್ತೆಂದು ತೋರುತ್ತದೆ. ಲಗಮವ್ವ ಒಮ್ಮೆ ಕೇಳಿಯೇಬಿಟ್ಟಳು: “ಬಾಯಾರ, ಈ ಮಾಸ್ತರಿಗಿ ಹೊಟ್ಟಿ ನೋಯತೈತೇನು?”

“ಇಲ್ಲವ್ವಾ. ಅವರು ಚಹಾನೂ ಗ್ರಾಂಥಿಕದಾಗ ಕುಡಿತಾರ.”

ಲಗಮವ್ವ ಅಂದು ಹೇಳಿದ್ದು ತಬ್ಬಲಿ ಮರಿಗಳ ವಿಷಯ. ತಾಯಿ ಸತ್ತ ಮರಿಯನ್ನು ಇನ್ನೊಂದು ಕುರಿ ಸುಲಭವಾಗಿ ಮೊಲೆಗೆ ಸೇರಿಸುವುದಿಲ್ಲ, ಒದೆಯುತ್ತದೆ. ಆಗ, ಮರಿ ಕಳೆದುಕೊಂಡ ಕುರಿಯನ್ನು ಹುಡುಕಿ, ಅದರ ಸತ್ತ ಮರಿಯ ವಾಸನೆ ಹತ್ತಿದ ಕಂಬಳಿಯ ತುಂಡನ್ನು ಈ ತಬ್ಬಲಿಗೆ ಹೊದಿಸುತ್ತಾರೆ. ಮೂರು ದಿನ ಹಾಗೆ ಬಿಟ್ಟು, ನಾಲ್ಕನೆಯ ದಿನ ಕುಲದೇವರು ಬೀರೋಬನ ಹೆಸರು ಹೇಳಿ ತುಂಡನ್ನು ತೆಗೆಯುತ್ತಾರೆ. ಅಷ್ಟರಲ್ಲಿ ಮರಿ ಅದರದೇ ಆಗಿರುತ್ತದೆ. ಇದನ್ನು ಹೇಳುವಾಗ ಅವಳು ಕುರಿಯೂ ಆಗಿ, ಮರಿಯೂ ಆಗಿ, ಒದೆಯುವುದನ್ನೂ ಮೂಸುವುದನ್ನೂ ಮಾಡಿ ತೋರಿಸಿದ್ದಳು. ಬಾಯಿಯವರು ಓದಿದರು. ಲಗಮವ್ವ ಕಣ್ಣು ಮುಚ್ಚಿ ಕೇಳಿ, “ಖರೆ” ಎಂದಳು. ಆಮೇಲೆ ಮೆಲ್ಲನೆ ಕೇಳಿದಳು:

“ನನ್ನ ಹೆಸರ ಛಾಪಿಸ್ತೀರಿ?”

“ಛಾಪಿಸ್ತೀನಿ. ಪುಸ್ತಕ ಬಂದ ಕೂಡ್ಲೆ ಇಲ್ಲೇ ತಂದು ಓದಿ ತೋರಸ್ತೀನಿ.”

“ರೇಶನ್ ಕಾರ್ಡಿನಾಗ ನನ್ನ ಹೆಸರ ತಪ್ಪೈತಿ. ಹೊಲದ ಉತಾರದ ಕಾಗದದಾಗ ಇಲ್ಲೇ ಇಲ್ಲ. ನನ್ನ ಮದುವಿ ಪತ್ರಿಕಿ ಅಂತೂ ಮಾಡಿಸಿರಲೇ ಇಲ್ಲ.” ಅವಳು ಬಾಯಿಯವರ ಕಾರ್ಡನ್ನು ತಿರುವಿ, ಬೆನ್ನಿನ ಮೇಲಿದ್ದ ಅಪರಿಚಿತ ವಧುವರರನ್ನು ನೋಡಿದಳು. “ಪುಸ್ತಕದಾಗ ಬರಲಿ ಒಮ್ಮಿ.”

ಒಳಗಿನಿಂದ ಸೊಸೆ ನಕ್ಕಳು. ಅವಳು ದಿನಾ ಬಸ್ಸು ಹತ್ತಿ ಅಕ್ಕಲಕೋಟದ ಹೊಲಿಗೆ ಕಾರ್ಖಾನೆಗೆ ಹೋಗುವವಳು, ಮರಾಠಿ ಶಾಲೆಯಲ್ಲಿ ಕಲಿತವಳು. “ಅತ್ತಿ, ಬಂದ್ರ ಓದವ್ರ ಯಾರು? ನಿಮಗ ಅಕ್ಷರ ಬರಂಗಿಲ್ಲ, ನನಗ ಕನ್ನಡ ಅಕ್ಷರ ಬರಂಗಿಲ್ಲ.”

“ಕಲಿ ಮತ್ತ! ದಿನಾ ಸ್ಟ್ಯಾಂಡಿನಾಗ ನಿಂದರ್ತಿ. ಆ ಕರ್ನಾಟಕದ ಬಸ್ಸಿನ ಬೋರ್ಡ ನೋಡಿ ಕಲಿ. ಬರೇ ಮೊಬೈಲ್ ನೋಡಬ್ಯಾಡ.”

ಬಾಯಿಯವರು ಬೇರೊಂದು ಕಾರ್ಡಿನ ಮೇಲೆ ‘ಲಗಮವ್ವ’ ಎಂದು ದೊಡ್ಡದಾಗಿ ಬರೆದು ಸೊಸೆಯ ಕೈಯಲ್ಲಿಟ್ಟರು.

ಇನ್ನು ನನ್ನ ಭಾಗವನ್ನು ಬರೆಯಬೇಕು.

ಕೋಶ ಅಚ್ಚಿಗೆ ಹೋಗುವ ಹೊತ್ತಿಗೆ ಬಾಯಿಯವರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಕಣ್ಣಿನೊಳಗೆ ರಕ್ತ ಒಸರಿ, ಶಸ್ತ್ರಚಿಕಿತ್ಸೆಯಾಯಿತು. ಮೂರು ತಿಂಗಳು ಓದುವಂತಿಲ್ಲ ಎಂದರು ವೈದ್ಯರು. ಬಾಯಿಯವರು ಹಸಿರು ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕುಳಿತು, “ಕಡೀ ಪ್ರೂಫು ನಿಮ್ಮ ಮ್ಯಾಗ ಗುರೂಜಿ. ನನಕಿಂತ ನಿಮ್ಮ ಕಣ್ಣು ಚೂಪು” ಎಂದರು. ಕರಡಚ್ಚುಗಳು ಕಲಬುರ್ಗಿಯಿಂದ ರೈಲಿನಲ್ಲಿ ಬರುತ್ತಿದ್ದವು. ದುಧನಿಯ ನಿಲ್ದಾಣಕ್ಕೆ ಹೋಗಿ ನಾನೇ ಇಳಿಸಿಕೊಳ್ಳುತ್ತಿದ್ದೆ. ಕೊನೆಯ ಕಟ್ಟಿನ ಜೊತೆ ಮುದ್ರಕರ ಚೀಟಿ ಬಂತು: ನಾಲ್ಕು ಪುಟ ಹೆಚ್ಚಾಗಿವೆ, ನಾಲ್ಕು ಪುಟಕ್ಕಾಗಿ ಹದಿನಾರು ಪುಟದ ಹೊಸ ಹಾಳೆ ಹಾಕಬೇಕಾಗುತ್ತದೆ, ಎಲ್ಲಾದರೂ ಕಡಿಮೆ ಮಾಡಿಕೊಡಿ.

ಕಡಿಮೆ ಮಾಡಲು ಅವಕಾಶವಿತ್ತು. ಕೋಶದ ಆರಂಭದಲ್ಲಿ ‘ಭಾಷಾ ನಿರ್ಣಯಗಳು’ ಎಂಬ ನನ್ನ ಐದು ಪುಟಗಳ ಲೇಖನವಿತ್ತು. ಅದನ್ನು ತೆಗೆದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಅದು ನನಗೆ ಹೊಳೆಯಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು; ಆ ಪುಟಗಳನ್ನು ಪಕ್ಕಕ್ಕೆ ಸರಿಸಿಟ್ಟು ಮುಂದೆ ನೋಡಿದೆ. ‘ಹೇಳಿದವರು’ ಎಂಬ ಸಾಲು ನೂರ ಮೂವತ್ತೆರಡು ಕಡೆ ಇತ್ತು. ಕೆಂಪು ಪೆನ್ನು ತೆಗೆದು ಒಂದೊಂದನ್ನೇ ಹೊಡೆದುಹಾಕಿದೆ.

ಪುಟ ಉಳಿಸುವುದು ನೆಪ. ಆ ಸಾಲುಗಳು ಮೊದಲಿನಿಂದಲೂ ನನ್ನ ಕಣ್ಣಿಗೆ ಚುಚ್ಚುತ್ತಿದ್ದವು. ಗಂಭೀರ ಕೋಶವೊಂದರಲ್ಲಿ ‘ಕುರಿ ಸಾಕುವವರು’, ‘ಹಮಾಲರು’, ‘ಬೀಡಿ ಕಟ್ಟುವವರು’ ಎಂದು ಪುಟಪುಟಕ್ಕೂ ಬರುವುದು ಸಂತೆಯ ಪಟ್ಟಿಯಂತೆ ಕಾಣುತ್ತದೆಂದು ನನ್ನ ಭಾವನೆ. ಪ್ರಾಧ್ಯಾಪಕರು ಬರೆದ ಕೆಲವು ದೀರ್ಘ ಬರಹಗಳ ಕೆಳಗೆ ಅವರ ಹೆಸರುಗಳಿದ್ದವು; ಅವುಗಳನ್ನು ಮುಟ್ಟಲಿಲ್ಲ. ಅವು ನನಗೆ ಹೆಸರುಗಳಂತೆಯೇ ಕಂಡವು. ಹೊಡೆದುಹಾಕಿದ ಹೆಸರುಗಳಿಗೆ ಬದಲಾಗಿ ಪೀಠಿಕೆಯ ಕೊನೆಗೆ ಒಂದು ವಾಕ್ಯ ಸೇರಿಸಿದೆ: ‘ಈ ಕೋಶದ ಸಿದ್ಧತೆಯಲ್ಲಿ ನೆರವಾದ ಅಸಂಖ್ಯ ಗ್ರಾಮೀಣ ಬಂಧುಗಳಿಗೆ ನಾವು ಚಿರಋಣಿಗಳು.’ ಬರೆದು ಎರಡು ಸಲ ಓದಿಕೊಂಡೆ. ಸೊಗಸಾಗಿದೆ ಎನಿಸಿತು.

ಫೋನಿನಲ್ಲಿ ಬಾಯಿಯವರು ಕೇಳಿದರು: “ಹೇಳಿದವರ ಸಾಲು ಎಲ್ಲಾ ಸರಿ ಅದಾವಿಲ್ರಿ?”

“ಎಲ್ಲವನ್ನೂ ಸರಿಪಡಿಸಿದ್ದೇನೆ, ಬಾಯಿ,” ಎಂದೆ.

ಪುಸ್ತಕದ ಕಟ್ಟುಗಳು ಸೊಲ್ಲಾಪುರದ ಅವರ ಮನೆಗೆ ಬಂದ ದಿನ ನಾನೂ ಇದ್ದೆ. ಪಟ್ಟಿ ಬಿಚ್ಚಿಯಾಗಿತ್ತು, ಆದರೆ ಅವರಿಗೆ ಮುಖಗಳು ಮಸುಕಾಗಿ ಕಾಣುತ್ತಿದ್ದವು, ಅಕ್ಷರ ಕಾಣುತ್ತಿರಲಿಲ್ಲ. ಮುಂದೆಯೂ ಕಾಣಲಿಲ್ಲ. ಪುಸ್ತಕವನ್ನು ಮೂಸಿದರು, ತೂಗಿದರು, ಬೆನ್ನನ್ನು ಸವರಿದರು. ಆಮೇಲೆ ನನ್ನ ಕಡೆ ಚಾಚಿದರು.

“‘ತಬ್ಬಲಿ ಮರಿ’ ತಗೀರಿ.”

ಓದಿದೆ. ಬರಹ ಮುಗಿಯಿತು. ಅದರ ಕೆಳಗೆ ಬಿಳಿಯ ಜಾಗ. ಅವರು ತಲೆಯನ್ನು ಒಂದು ಕಡೆ ವಾಲಿಸಿ ಕಾಯುತ್ತಿದ್ದರು.

“ಹೇಳಿದವರು?”

ಆ ಕ್ಷಣ ನಾನು ನಿಜ ಹೇಳಬಹುದಾಗಿತ್ತು. ಹೇಳಿದ್ದರೆ ಅವರು ಬೈಯುತ್ತಿದ್ದರು. ಬಹುಶಃ ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ನಾನು ಆ ಬಿಳಿಯ ಜಾಗವನ್ನು ನೋಡುತ್ತ, ಸ್ಪಷ್ಟವಾದ ಉಚ್ಚಾರದಲ್ಲಿ, “ಹೇಳಿದವರು: ಲಗಮವ್ವ, ಕುರಿ ಸಾಕುವವರು, ತಡವಳ” ಎಂದು ಓದಿದೆ.

ಅವರ ಮುಖ ಅರಳಿತು. ಇನ್ನೊಂದನ್ನು ಕೇಳಿದರು, ಮತ್ತೊಂದನ್ನು ಕೇಳಿದರು. ಹನ್ನೊಂದು ಬರಹಗಳನ್ನು ಓದಿಸಿಕೊಂಡರು. ಹನ್ನೊಂದು ಸಲ ನಾನು ಇಲ್ಲದ ಸಾಲನ್ನು ಓದಿದೆ. ಒಂದೂ ತಪ್ಪಲಿಲ್ಲ. ಅಳಿಸಿದವನಿಗೆ ಅಳಿಸಿದ್ದು ಚೆನ್ನಾಗಿ ನೆನಪಿರುತ್ತದೆ.

“ನಾಡಿದ್ದ ತಡವಳಕ್ಕ ಹೋಗೂಣ,” ಎಂದರು. “ಮೊದಲ ಅಲ್ಲೇ.”

“ಬಿಸಿಲು ವಿಪರೀತವಾಗಿದೆ. ಸ್ವಲ್ಪ ತಡೆದು ಹೋಗೋಣ.”

“ಬಿಸಲಿಗಿ ಅಂಜಾವ್ರು ಸೊಲ್ಲಾಪುರ ಜಿಲ್ಲಾದಾಗ ಹುಟ್ಟಬಾರದಿತ್ತು ಗುರೂಜಿ.”

ಅವರನ್ನು ಕರೆದೊಯ್ಯಲು ನಾನೇ ಸೊಲ್ಲಾಪುರಕ್ಕೆ ಹೋದೆ. ಬಸ್ಸಿನಲ್ಲಿ ಅವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಟೊಪ್ಪಿಗೆಯ ಹೆಬ್ಬೆರಳನ್ನಿಟ್ಟು ಕುಳಿತಿದ್ದರು. ಕುಂಭಾರಿ ಬರುವುದರೊಳಗೆ ಹೇಳಿಬಿಡಬೇಕೆಂದು ನಿರ್ಧರಿಸಿದ್ದೆ. ಕುಂಭಾರಿಯಲ್ಲಿ ಜನ ತುಂಬಿಕೊಂಡರು. ಅಕ್ಕಲಕೋಟದಲ್ಲಿ ಬಸ್ಸು ಬದಲಿಸುವಾಗ ಹೇಳುತ್ತೇನೆ ಎಂದುಕೊಂಡೆ. ಅಲ್ಲಿ ಲಗಮವ್ವನ ಸೊಸೆಯೇ ಎದುರಾದಳು. ಅಂದು ಅವಳಿಗೆ ರಜೆ, ನಮ್ಮನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದಳು. ನಿಂತಿದ್ದ ಒಂದು ಕರ್ನಾಟಕದ ಬಸ್ಸನ್ನು ತೋರಿಸಿ, “ಬಾಯಿ, ಕೇಳ್ರಿ. ಅ-ಫ-ಜ-ಲ-ಪು-ರ” ಎಂದು ಓದಿದಳು. “ಒಂದ ವರ್ಷದಾಗ ಎಲ್ಲಾ ಬೋರ್ಡ ಬರ್ತಾವ. ಅತ್ತಿ ಬಿಡಬೇಕಲ್ಲ!”

ಲಗಮವ್ವ ಅಂಗಳದಲ್ಲಿ ಕಂಬಳಿ ಹಾಸಿದ್ದಳು. ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರನ್ನು ಕರೆಸಿ ಕೂರಿಸಿದ್ದಳು. ನಾನು ಓದುತ್ತೇನೆಂದು ಕೈ ಚಾಚಿದೆ. ಬಾಯಿಯವರು ಪುಸ್ತಕವನ್ನು ನನಗೆ ಕೊಡದೆ ಸೊಸೆಗೆ ಕೊಟ್ಟರು.

“ಗುರೂಜಿ ಬರಹ ಓದಲಿ. ಕಡೀ ಸಾಲು ಮಾತ್ರ ನೀ ಓದಬೇಕವ್ವಾ. ಅದಕ್ಕಾಗೇ ಕಲ್ತೀಯಲ್ಲ.”

ಸೊಸೆ ಪುಸ್ತಕ ಹಿಡಿದಳು. ನಾನು ಬಗ್ಗಿ ಬರಹವನ್ನು ಓದಿದೆ. ಹೆಂಗಸರು ತಲೆಯಾಡಿಸಿದರು. ಮುಗಿಯಿತು. ಸೊಸೆ ಬೆರಳಿಟ್ಟು ಹುಡುಕಿದಳು. ಪುಟ ತಿರುವಿದಳು, ಮತ್ತೆ ಹಿಂದಕ್ಕೆ ಬಂದಳು. ತನಗೇ ಓದಲು ಬರುತ್ತಿಲ್ಲವೇನೋ ಎಂದು ಅವಳ ಮುಖ ಕೆಂಪಾಯಿತು. ರವಿಕೆಯೊಳಗಿನಿಂದ ಮಡಿಸಿಟ್ಟ ಕಾರ್ಡನ್ನು ತೆಗೆದಳು. ಬಾಯಿಯವರು ಹೆಸರು ಬರೆದುಕೊಟ್ಟ ಕಾರ್ಡು ಅದು. ಅದನ್ನು ಪುಟದ ಪಕ್ಕದಲ್ಲಿ ಹಿಡಿದು ಒಂದೊಂದೇ ಅಕ್ಷರವನ್ನು ಹೋಲಿಸಿದಳು.

“ಬಾಯಿ, ನನಗ ತಿಳಿವಲ್ದು… ಇಲ್ಲಿ ಅತ್ತೀ ಹೆಸರ ಇಲ್ಲಲ್ರಿ.”

“ಸರಿ ನೋಡು. ತಳಕ್ಕ.”

“ತಳಕ್ಕ ಏನೂ ಇಲ್ರಿ. ಖಾಲಿ ಐತಿ.”

ಬಾಯಿಯವರು ನನ್ನ ಕಡೆ ತಿರುಗಲಿಲ್ಲ. ಅವರ ಹೆಬ್ಬೆರಳು ಮಾತ್ರ ಗಾಳಿಯಲ್ಲಿ, ಕಾರ್ಡು ತಿರುವುವಂತೆ, ಎರಡು ಸಲ ಆಡಿತು. ಆಮೇಲೆ ಲಗಮವ್ವ ಕುಳಿತಿದ್ದ ದಿಕ್ಕಿಗೆ ಕೈ ಮುಗಿದರು.

“ನಂದ ತಪ್ಪವ್ವಾ. ಸಂಪಾದಕಿ ನಾನು. ನಾನ ನೋಡಬೇಕಿತ್ತು.”

ಕೂತ ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳನ್ನು ತಿವಿದಳು. ಲಗಮವ್ವ ಕೋಪವಿಲ್ಲದೆ, ವಿಷಯ ತಿಳಿಸುವವಳಂತೆ ಹೇಳಿದಳು:

“ಕುರಿ ಕಿವಿ ಕತ್ತರಿಸಿ ಗುರ್ತ ಹಾಕ್ತೀವಿ ಬಾಯಾರ. ಯಾಕ ಹೇಳ್ರಿ? ಗುರ್ತ ಇಲ್ಲದ ಕುರಿ ಹಿಡದಾವ್ರದ್ದು ಆಗತೈತಿ.”

ಬಾಯಿಯವರು ನನ್ನ ಜೇಬಿನತ್ತ ಕೈ ಚಾಚಿ ಪೆನ್ನು ಕೇಳಿದರು. ಅದನ್ನು ಸೊಸೆಗೆ ಕೊಟ್ಟು, “ನೀ ಬರಿ. ನನಗ ಕಾಣಂಗಿಲ್ಲ” ಎಂದರು. ಸೊಸೆ ಕಾರ್ಡನ್ನು ನೋಡಿಕೊಂಡು, ಬಸ್ಸಿನ ಬೋರ್ಡಿನಷ್ಟೇ ದಪ್ಪ ಅಕ್ಷರಗಳಲ್ಲಿ, ಆ ಬಿಳಿಯ ಜಾಗದಲ್ಲಿ ಅತ್ತೆಯ ಹೆಸರು ಬರೆದಳು. ಅದು ಅಂಚಿನವರೆಗೂ ಹೋಯಿತು. ಆ ಪೆನ್ನು ನನ್ನ ಕೆಂಪು ಪೆನ್ನಾಗಿತ್ತು.

ಮರಳುವ ಬಸ್ಸಿನಲ್ಲಿ ಅಕ್ಕಲಕೋಟ ದಾಟುವವರೆಗೆ ಅವರು ಕಿಟಕಿಯ ಕಡೆ ಮುಖ ಮಾಡಿದ್ದರು. ಕಾಣದ ಕಣ್ಣಿಗೆ ಕಿಟಕಿ ಬೇಕಾದದ್ದು ನನ್ನಿಂದ ಮುಖ ತಿರುಗಿಸಲೆಂದು ನನಗೆ ಗೊತ್ತಿತ್ತು. ಆಮೇಲೆ ಒಂದೇ ಮಾತು ಹೇಳಿದರು.

“ಓದೂದು ಮಾತ್ರ ಭಾಳ ಚಲೋ ಓದಿದ್ರಿ ಗುರೂಜಿ. ಹನ್ನೊಂದೂ.”

ಸೊಲ್ಲಾಪುರದಲ್ಲಿ ಅವರನ್ನು ಮನೆಗೆ ಮುಟ್ಟಿಸಿ ಬಂದೆ.

ಅವರು ಇನ್ನು ನನ್ನನ್ನು ಕರೆಯುವುದಿಲ್ಲವೆಂದು ತಿಳಿದಿದ್ದೆ. ಮರುದಿನ ಬೆಳಗ್ಗೆಯೇ ಫೋನು ಬಂತು. ಹೋದೆ. ಚಾದರದ ಡಬ್ಬಿಗಳು ಮೇಜಿನ ಮೇಲಿದ್ದವು. ಪಕ್ಕದಲ್ಲಿ ಪುಸ್ತಕದ ಕಟ್ಟುಗಳು. ಗ್ರಂಥಾಲಯಗಳಿಗೆ ಆಗಲೇ ಕಳಿಸಿದ್ದನ್ನು ಬಿಟ್ಟು ಇನ್ನೂರು ಪ್ರತಿಗಳಿದ್ದವು. ಮುದ್ರಕರು ಒಂದು ತಿದ್ದುಪಡಿಯ ಚೀಟಿ ಅಚ್ಚು ಹಾಕಿಕೊಡುತ್ತಾರೆ, ಅಂಟಿಸಬಹುದು ಎಂದೆ.

“ಚೀಟಿ ಉದುರ್ತೈತಿ,” ಎಂದರು. “ಬರೀರಿ.”

ಹದಿನಾಲ್ಕು ತಿಂಗಳು ಬರೆದೆವು. ಅವರು ಡಬ್ಬಿಯಲ್ಲಿ ಕೈಯಿಟ್ಟು, ಕಾರ್ಡುಗಳನ್ನು ಹೆಬ್ಬೆರಳಿನಿಂದ ಸರಿಸುತ್ತ, ಸ್ಪರ್ಶದಿಂದಲೂ ನೆನಪಿನಿಂದಲೂ ಹೆಸರು ಹೇಳುತ್ತಿದ್ದರು. ನಾನು ಆಯಾ ಪುಟ ತೆಗೆದು ಕೊನೆಯ ಸಾಲನ್ನು ಕೈಯಿಂದ ಬರೆಯುತ್ತಿದ್ದೆ. ಒಂದು ಪ್ರತಿಗೆ ನೂರ ಮೂವತ್ತೆರಡು ಸಾಲು. ನಡುವೆ ಆ ಮನುಷ್ಯರ ಕಥೆಗಳು ಬರುತ್ತಿದ್ದವು: ಯಾರು ಹೆಸರು ಹೇಳಲು ನಾಚಿಕೊಂಡರು, ಯಾರು ಗಂಡನ ಹೆಸರು ಸೇರಿಸಬೇಡವೆಂದರು. ಅವುಗಳನ್ನು ಹೇಳುತ್ತ ಬಾಯಿಯವರು ಮೊದಲಿನಂತೆಯೇ ನಗುತ್ತಿದ್ದರು, ಮೊದಲಿನಂತೆಯೇ ನನಗೆ ಚಹಾ ಸೋಸುತ್ತಿದ್ದರು. ಬಟ್ಟಲು ತುಂಬಿತೆಂಬುದನ್ನು ತಿಳಿಯಲು ಅಂಚಿಗೆ ಬೆರಳಿಡುತ್ತಿದ್ದರು. ನಾನು ಕಾಯುತ್ತಿದ್ದ ಬೈಗುಳ ಬರಲೇ ಇಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು.

ಒಮ್ಮೆ ನಾನೇ ಆರಂಭಿಸಿದೆ. “ಬಾಯಿ, ಆ ಸಾಲುಗಳನ್ನು…”

“‘ಬುಟ್ಟಿ ಹೆಣೆಯುವುದು’ ಆತೇನು?”

“ಆಯಿತು.”

“ಹಂಗಾರ ಮುಂದಿನ ಹೆಸರ ಬರೀರಿ. ಕೋಶ ಅಂದ್ರ ಕಣಜ ಗುರೂಜಿ. ಜ್ವಾಳ ಯಾರ ಹೊಲದ್ದು ಅನ್ನೂದು ಗೊತ್ತಿದ್ರ ಸಾಕು. ಇಲಿ ಯಾವುದು ಅಂತ ಬರಿಯೂ ಪದ್ಧತಿ ಇಲ್ಲ.”

ಆ ಮಾತಿಗೆ ಅವರೇ ನಕ್ಕರು. ನಾನು ನಗಲು ಪ್ರಯತ್ನಿಸಿದೆ. ಎರಡನೆಯ ಸಲ ಬಾಯಿ ತೆರೆಯುವ ಧೈರ್ಯ ನನಗೆ ಬರಲಿಲ್ಲ.

ನಲವತ್ತು ಪ್ರತಿಗಳು ಬಾಕಿಯಿದ್ದಾಗ, ಒಂದು ಬೆಳಗ್ಗೆ, ಹಾಲಿನವನಿಗೆ ಬಾಗಿಲು ತೆರೆದು ಒಳಗೆ ಬಂದು ಕುಳಿತವರು ಏಳಲಿಲ್ಲ. ಹೃದಯ ನಿಂತಿತ್ತು. ನಾನು ಹೋಗುವ ಹೊತ್ತಿಗೆ ಅವರನ್ನು ಬಿಳಿಯ ಸೀರೆಯಲ್ಲಿ ಮಲಗಿಸಿ ಬುದ್ಧವಂದನೆ ಹೇಳುತ್ತಿದ್ದರು. ಯಾರೋ ಹೆಬ್ಬೆರಳಿನ ಟೊಪ್ಪಿಗೆಯನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದರು. ಅದರಡಿಯ ಚರ್ಮ ಕೂಸಿನ ಚರ್ಮದಂತೆ ಬೆಳ್ಳಗೆ, ಸುಕ್ಕುಸುಕ್ಕಾಗಿತ್ತು. ಆರು ವರ್ಷಕ್ಕೂ ಹೆಚ್ಚು ಜೊತೆಗಿದ್ದರೂ ಆ ಬೆರಳನ್ನು ನಾನು ಪೂರ್ತಿಯಾಗಿ ನೋಡಿದ್ದು ಅಂದೇ.

ಉಳಿದ ನಲವತ್ತನ್ನು ನಾನು ಮುಗಿಸಿದೆ. ಆಮೇಲೆ ಗ್ರಂಥಾಲಯಗಳಿಗೆ ಹೋದ ಪ್ರತಿಗಳನ್ನು ಹುಡುಕಿಕೊಂಡು ಹೊರಟೆ. ಒಂದು ಊರಿನ ವಾಚನಾಲಯದಲ್ಲಿ ಬರೆಯುತ್ತ ಕುಳಿತಿದ್ದಾಗ, ಅಲ್ಲಿನ ಸಹಾಯಕ ಓಡಿ ಬಂದು ಪುಸ್ತಕ ಕಸಿದುಕೊಂಡ. ಆಮೇಲೆ ನನ್ನ ಮುಖ ನೋಡಿದ. ಅವನು ನನ್ನ ವಿದ್ಯಾರ್ಥಿ.

“ಅಯ್ಯ ಸರ! ಪುಸ್ತಕದಾಗ ಗೀಚಿದ್ದಕ್ಕ ನನಗ ಬೆತ್ತದಿಂದ ಹೊಡದಾವ್ರು ನೀವ ಅಲ್ರಿ? ಈಗ ನೀವ ಗೀಚಾಕತ್ತೀರಿ?”

“ಹೊಡೆದಿದ್ದು ತಪ್ಪು,” ಎಂದೆ. “ಇದನ್ನು ಮುಗಿಸಲು ಬಿಡು.”

ಅವನು ತಲೆ ಕೆರೆದುಕೊಂಡು, ಕಿಟಕಿ ತೆರೆದು ಬೆಳಕು ಮಾಡಿಕೊಟ್ಟ.

ಕಳೆದ ವಾರ ತಡವಳಕ್ಕೆ ಹೋಗಿದ್ದೆ. ಲಗಮವ್ವನಿಗೆ ಈಗ ನಡೆಯಲು ಕಷ್ಟ; ಕಂಬಳಿಯ ಮೇಲೆ ಕುಳಿತೇ ಇರುತ್ತಾಳೆ. ಪುಸ್ತಕವನ್ನು ಮೈಲಾರಲಿಂಗನ ಪಟದ ಕೆಳಗಿನ ಹಲಗೆಯ ಮೇಲಿಟ್ಟಿದ್ದಾರೆ. ನಾನು ಅವಳ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ: ನಾಲ್ಕು ಪುಟ, ನನ್ನ ಐದು ಪುಟ, ಕೆಂಪು ಪೆನ್ನು, ಬಿಳಿಯ ಜಾಗವನ್ನು ನೋಡಿ ಹನ್ನೊಂದು ಸಲ ಓದಿದ್ದು. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ವಾಕ್ಯಗಳು ಮುಗಿಯದೆ ಮುರಿಯುತ್ತಿದ್ದವು.

ಅವಳು ಆಶ್ಚರ್ಯಪಡಲಿಲ್ಲ. “ನನಗ ಅವತ್ತೇ ಗೊತ್ತಾಗಿತ್ತ್ರಿ ಮಾಸ್ತರ. ಎಲ್ಲಾರೂ ಬಾಯಾರ ಮಕಾ ನೋಡಾಕತ್ತಿದ್ರು. ನಾ ನಿಮ್ಮ ಮಕಾ ನೋಡ್ದೆ.” ಎಲೆಯಡಿಕೆಯ ಚೀಲವನ್ನು ಬಿಚ್ಚಿ, ಅಡಿಕೆಯ ಚೂರನ್ನು ಹುಡುಕುತ್ತ ಕೇಳಿದಳು: “ಬಾಯಾರಿಗಿ ಹೇಳಿದ್ರೇನು ಇದನ್ನ?”

“ಇಲ್ಲ.”

“ಹಂಗಾರ ನನಗ್ಯಾಕ ಹೇಳ್ತೀರಿ?”

ಸೊಸೆ ಚಹಾ ತಂದಿಟ್ಟಳು. ಕುಡಿದು ಬಂದೆ.

ಅವರ ಹೆಸರನ್ನು ಇಲ್ಲಿ ಏಕೆ ಬರೆದಿಲ್ಲವೆಂಬುದನ್ನು ಹೇಳುತ್ತೇನೆಂದಿದ್ದೆ. ಯಾರ ಹೆಸರನ್ನಾದರೂ ಬರೆಯುವ ಮೊದಲು ಅವರನ್ನು ಕೇಳಬೇಕು, ಬರೆದ ಮೇಲೆ ಅವರಿಗೆ ಓದಿ ತೋರಿಸಬೇಕು. ನಾನು ಕೇಳಿರಲಿಲ್ಲ. ಕೇಳಲು ಹದಿನಾಲ್ಕು ತಿಂಗಳ ಅವಕಾಶವಿತ್ತು. ಆಗೆಲ್ಲ ನಾನು ನನ್ನ ತಪ್ಪಿನ ಬಗ್ಗೆಯೇ ಯೋಚಿಸುತ್ತಿದ್ದೆ.

ಚಾದರದ ಡಬ್ಬಿಗಳು ಈಗ ನನ್ನ ಮನೆಯಲ್ಲಿವೆ, ಟೊಪ್ಪಿಗೆಯೂ ಇದೆ. ನನ್ನ ಹೆಬ್ಬೆರಳಿಗೆ ಅದು ಬಿಗಿ. ತಡವಳದಿಂದ ಬಂದ ದಿನ ಒಂದು ಲಗ್ನಪತ್ರಿಕೆಯ ಬೆನ್ನ ಮೇಲೆ, ಅವರ ಕ್ರಮದಲ್ಲೇ, ಮೊದಲು ನನ್ನ ಹೆಸರನ್ನು, ಆಮೇಲೆ ನಾನು ಮಾಡಿದ್ದನ್ನು ಬರೆದೆ. ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ, ತಲೆಯನ್ನು ಒಂದು ಕಡೆ ವಾಲಿಸಿ, ಸ್ವಲ್ಪ ಹೊತ್ತು ಕಾದೆ. ಕಾರ್ಡು ಡಬ್ಬಿಯ ಕೊನೆಯಲ್ಲಿದೆ. ಮೂಲೆಯಲ್ಲಿ ಟಿಕ್ಕು ಹಾಕಿಲ್ಲ.